ಕಾಕು ಅಂಟಿಸಿದ ಕೆಂಪು ಪಟ್ಟಿ

ಮೊನ್ನೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದೆ. ಮುಂದೆ ಹೋಗುತ್ತಿದ್ದ ಟ್ರಾಲಿಯಿಂದ ಹಸಿ ಕಬ್ಬಿನ ವಾಸನೆ ಬಸ್ಸಿನೊಳಗೆ ತುಂಬಿಕೊಂಡಿತು. ನಮ್ಮೂರು ಘಾಟಬೋರಾಳದಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕು ನೆನಪಾದರು.

ಅವರ ಗಂಡ, ನಮ್ಮ ಕಾಕಾ, ತೀರಿಕೊಂಡಿದ್ದು ಇದೇ ರಸ್ತೆಯಲ್ಲಿ. ಮುಸ್ಸಂಜೆ ಬೈಕಿನಲ್ಲಿ ಬರುತ್ತಿದ್ದವರಿಗೆ, ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರಾಲಿ ಕಾಣಲೇ ಇಲ್ಲ. ಅದಕ್ಕೆ ದೀಪವೂ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಜನ ಸುತ್ತ ನಿಂತಿದ್ದರಂತೆ. ರಕ್ತ ಸುರಿಯುತ್ತಿದ್ದರೂ ಪೊಲೀಸ್ ಕೇಸಿನ ಭಯಕ್ಕೆ ಯಾರೂ ಮುಟ್ಟಲಿಲ್ಲ...

ಕಾಕು ಬಹಳ ದಿನ ಹೊರಗೆ ಬರಲಿಲ್ಲ. ಮುಂದಿನ ಕಬ್ಬಿನ ಹಂಗಾಮು ಶುರುವಾದಾಗ, ಹೊಳೆಯುವ ಕೆಂಪು ಪಟ್ಟಿಯ ಸುರುಳಿ ಹಿಡಿದು ಊರ ಕ್ರಾಸಿನಲ್ಲಿ ನಿಂತರು. ಬಂದ ಟ್ರಾಲಿಗಳನ್ನು ತಡೆದು ಹಿಂಬದಿಗೆ ಅಂಟಿಸತೊಡಗಿದರು. ಒಬ್ಬ ಡ್ರೈವರ್ ಸಿಟ್ಟಾದ.

"ಯಾಕ್ರಿ ಕಾಕು, ನಮ್ಮ ಟೈಮ್ ಹಾಳು ಮಾಡಾಕತ್ತೀರಿ?"

"ನಿನ್ನ ಹಿಂದ ಬರಾವನ ಹೆಂಡ್ತಿ ಮನ್ಯಾಗ ದಾರಿ ಕಾಯಾಕತ್ತಿರ್ತಾಳಪ್ಪಾ. ನಿಲ್ಲು," ಎಂದರು ಕಾಕು.

ಆದರೆ ಒಬ್ಬರೇ ಎಷ್ಟಕ್ಕೆಂದು ಅಂಟಿಸಿಯಾರು? ಕೆಲವರು ಮುಂದೆ ಹೋಗಿ ಕಿತ್ತೆಸೆಯುತ್ತಿದ್ದರು. ಹುಮನಾಬಾದಿನಲ್ಲಿ ಸಾರಿಗೆ ಅಧಿಕಾರಿಗಳು ಸಭೆ ಕರೆದಾಗ ಕಾಕು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಎದ್ದು ನಿಂತು ಹೇಳಿದರು.

"ಸಾಹೇಬ್ರೇ, ನಾ ಹೇಳಿದ್ರ ಬ್ಯಾಡ ಅಂತಾರ. ನೀವು ಹುಕುಂ ಮಾಡ್ರಿ, ಬ್ಯಾಡ ಅನ್ನಾಕ ಆಗಂಗಿಲ್ಲ."

ಮರುವರ್ಷ ಆದೇಶ ಬಂತು: ಪಟ್ಟಿ ಇಲ್ಲದ ಟ್ರಾಲಿಗೆ ಸಕ್ಕರೆ ಕಾರ್ಖಾನೆಯೊಳಗೆ ಪ್ರವೇಶವಿಲ್ಲ. ಡ್ರೈವರುಗಳಿಗೆ ಪ್ರಥಮ ಚಿಕಿತ್ಸೆಯ ತರಬೇತಿಯೂ ಕಡ್ಡಾಯವಾಯಿತು. ಗಾಯಾಳುಗಳನ್ನು ಆಸ್ಪತ್ರೆಗೆ ತಂದವರನ್ನು ಪೊಲೀಸರು ಪೀಡಿಸುವಂತಿಲ್ಲ ಎಂಬ ಕಾನೂನು ಇದೆಯೆಂದು ಊರಿಗೆ ಗೊತ್ತಾದದ್ದೂ ಆಗಲೇ.

ಆ ಹಂಗಾಮಿನಲ್ಲೇ ಹುಡಗಿ ಎಂಬ ಊರಿನ ಹತ್ತಿರ ಜೀಪೊಂದು ಮಗುಚಿತು. ಒಬ್ಬ ಹೆಂಗಸಿನ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು, ಆಸ್ಪತ್ರೆಗೆ ತಲುಪಿಸಿದವನು ಅಂದು ಸಿಟ್ಟಾಗಿದ್ದ ಅದೇ ಡ್ರೈವರ್. ಆಕೆ ಬದುಕಿದಳು. ಸುದ್ದಿ ಹೇಳಲು ಅವನು ನೇರ ಕಾಕು ಮನೆಗೇ ಬಂದ. ಅಂಗಿಯ ತೋಳಿನಲ್ಲಿ ಇನ್ನೂ ರಕ್ತವಿತ್ತು. ಕಾಕು ಅವನ ಕೈಗೆ ನೀರು ಹಾಕಿದರು. ಹಾಕುತ್ತಲೇ ಅತ್ತರು...

ಕಾಕು ಈಗಿಲ್ಲ. ಜ್ವರವೆಂದು ಮಲಗಿದವರು ಏಳಲಿಲ್ಲ. ಬಸವಕಲ್ಯಾಣದಲ್ಲಿ ಈಗ ಸಾರ್ವಜನಿಕರಿಗೂ ಪ್ರಥಮ ಚಿಕಿತ್ಸೆಯ ಆ ತರಬೇತಿ ಶುರುವಾಗಿದೆ, ನಾನೂ ಸೇರಿದ್ದೇನೆ; ಮೊನ್ನೆ ಹೊರಟಿದ್ದೂ ಅಲ್ಲಿಗೇ. ರಕ್ತ ನಿಲ್ಲಿಸಲು ಎಲ್ಲಿ, ಎಷ್ಟು ಬಿಗಿಯಾಗಿ ಒತ್ತಬೇಕೆಂದು ನರ್ಸ್ ತೋರಿಸಿದಾಗ, ಇಷ್ಟೇನಾ ಅನ್ನಿಸಿತು. ಕಾಕಾನ ಸುತ್ತ ನಿಂತವರಲ್ಲಿ ಒಬ್ಬರಿಗಾದರೂ ಇದು ಗೊತ್ತಿದ್ದಿದ್ದರೆ...

"ಅಕ್ಕಾ, ಹ್ಯಾಂಗ್ರಿ, ಇಲ್ಲೇ ಒತ್ತಬೇಕೇನ್ರಿ?" ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕೇಳಿದಳು.

ನಾನು ಅವಳ ಅಂಗೈಯನ್ನು ಸರಿಯಾದ ಜಾಗಕ್ಕೆ ಸರಿಸಿದೆ.