ಎಲ್ಲ ರೆಕಾರ್ಡಿನಲ್ಲೂ ಅದೇ ಅಲೆ

ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಅವಳಿಗೆ ಆ ಮೂವತ್ತು ಕಂಪ್ಯೂಟರುಗಳೇ ಸಂಸಾರ.

ಒಂದು ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಅಕ್ಕಾ, ಸರ್ಕ್ಯೂಟ್ ಓಡ್ತಾನೇ ಇಲ್ಲ. ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲ ಅಂತಿದೆ," ಎಂದಳು.

ಲ್ಯಾಬಕ್ಕ ತಡಕಿ ನೋಡಿದಳು. ಅನಲಾಗ್, ಡಿಜಿಟಲ್ ಸರ್ಕ್ಯೂಟುಗಳನ್ನು ಕಂಪ್ಯೂಟರಿನಲ್ಲೇ ಕೂಡಿಸಿ ಓಡಿಸಿ ನೋಡುವ ಸಾಫ್ಟ್‌ವೇರಿಗೆ ಬುನಾದಿಯಾದ ಆ ಲೈಬ್ರರಿ ಫೋಲ್ಡರು ಒಂದು ಕಂಪ್ಯೂಟರಿನಲ್ಲೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಸಾಫ್ಟ್‌ವೇರ್ ಬದಲಾಯಿಸಿದವರು ಅದನ್ನು ಹಾಕಿಯೇ ಇರಲಿಲ್ಲ. ಮೂಲ ಡಿಸ್ಕಿನಿಂದ ನಕಲಿಸಿ, ಅದು ಎಲ್ಲಿದೆಯೆಂದು ಸಾಫ್ಟ್‌ವೇರಿಗೆ ತಿಳಿಸಿದ ಮೇಲೆ ಸರ್ಕ್ಯೂಟು ಓಡಿತು.

ಹಾಗಾದರೆ ನಾಲ್ಕು ವರ್ಷ ಮಕ್ಕಳು ಮಾಡಿದ್ದೇನು? ಬೀರು ತೆರೆದು ವಿದ್ಯಾರ್ಥಿಗಳ ಹಳೆಯ ರೆಕಾರ್ಡ್ ಪುಸ್ತಕಗಳನ್ನು ಹರಡಿದಳು. ಎಲ್ಲದರಲ್ಲೂ ಸರ್ಕ್ಯೂಟಿನ ಫಲಿತಾಂಶವೆಂದು ಒಂದೇ ಅಲೆಯ ಚಿತ್ರ, ಅದರ ಮೂಲೆಯಲ್ಲಿ ಒಂದೇ ಮಸಿಚುಕ್ಕೆ. ಯಾರೋ ಹಿಂದೆಂದೋ ತೆಗೆದ ಪ್ರಿಂಟನ್ನೇ ಎಲ್ಲರೂ ಜೆರಾಕ್ಸ್ ಮಾಡಿ ಅಂಟಿಸಿದ್ದರು.

"ಪಾಸಾಗಿ ಹೋದ್ರಲ್ಲಮ್ಮಾ, ಈಗ್ಯಾಕೆ ಕೆದಕ್ತೀರ?" ಎಂದು, ಅವಳು ತೋರಿಸಿದ ರೆಕಾರ್ಡು ನೋಡುತ್ತಾ ಪ್ರೊಫೆಸರು ಆಕಳಿಸಿದರು.

ಅವರ ಮುಖ ನೋಡಿ ಅವಳಿಗೆ ಹೇಸಿಗೆಯಾಯಿತು. ಆದರೆ ಪ್ರತಿ ಚಿತ್ರದ ಕೆಳಗೆ 'ನೋಡಿದೆ' ಎಂದು ಸಹಿ ಹಾಕಿದ್ದವಳು ಅವಳೇ.

ಆ ಹುಡುಗಿಯೊಬ್ಬಳಾದರೂ ನಿಯತ್ತಿನವಳು ಎಂದುಕೊಂಡು ಕೇಳಿದಳು: "ನೀನೊಬ್ಬಳೇ ಬಂದು ಹೇಳಿದ್ದು ಯಾಕಮ್ಮಾ?"

"ನಂಗಿನ್ನೂ ಸೀನಿಯರ್ಸ್ ಪರಿಚಯ ಆಗಿಲ್ಲ ಅಕ್ಕಾ. ಪ್ರಿಂಟ್ ಯಾರ ಹತ್ರ ಕೇಳೋದು?"

ಲ್ಯಾಬಕ್ಕ ಬೀರು ಮುಚ್ಚಿದಳು.