ಅರ್ಧ ನೋಡಿದ ಕಾರ್ಟೂನು

ಆಗ ನಮ್ಮೂರಲ್ಲಿ ಇದ್ದದ್ದು ಒಂದೇ ಟಿವಿ. ಆ ಮನೆಯ ಯಜಮಾನನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆತ ಸತ್ತು ಎಷ್ಟೋ ವರ್ಷವಾಯಿತು, ಆದರೂ ಇಲ್ಲ.

ಭಾನುವಾರ ಬೆಳಿಗ್ಗೆ ಕಾರ್ಟೂನು ಬರುತ್ತಿತ್ತು. ನೋಡಲು ಬಂದ ಮಕ್ಕಳ ಮುಂದೆ ಆತ ಬಿತ್ತನೆ ಶೇಂಗಾದ ಪುಟ್ಟಿ ತಂದಿಡುತ್ತಿದ್ದ. ಕಣ್ಣು ಟಿವಿ ಮೇಲೆ, ಬೆರಳು ಶೇಂಗಾ ಮೇಲೆ. ಬಿಡಿಸಿ ಮುಗಿಯಿತೋ, ಕಥೆ ಎಲ್ಲಿಗೇ ಬಂದಿರಲಿ, ಟಿವಿ ಆರಿಸಿಬಿಡುತ್ತಿದ್ದ. ಅದಕ್ಕೇ ನಾವು ಬೇಕಂತಲೇ ನಿಧಾನಕ್ಕೆ ಬಿಡಿಸುತ್ತಿದ್ದೆವು.

ಆವತ್ತಿನ ಕಾರ್ಟೂನಿನಲ್ಲಿ ಒಂದು ತೋಳ ನೀರಿನ ಗುಂಡಿ ಕಾಯುತ್ತಾ ಕೂತಿತ್ತು, ಯಾರನ್ನೂ ಕುಡಿಯಲು ಬಿಡುತ್ತಿರಲಿಲ್ಲ. ಒಂದು ಪುಟ್ಟ ಆಡುಮರಿ ಎದುರಿಗೆ ಹೋಗಿ ನಿಂತಿತು. ಕಾಲು ನಾಲ್ಕೂ ನಡುಗುತ್ತಿದ್ದವು, ಆದರೂ ಜಾಗ ಬಿಡಲಿಲ್ಲ. ನಾನು ಕುರುಬರ ಹುಡುಗಿ, ಹನ್ನೊಂದು ವರ್ಷ. ಆ ಮರಿ ನಮ್ಮ ಮಂದೆಯದೇ ಅನ್ನಿಸಿ, ಗಾಬರಿಗೆ ಬೆರಳು ತಾವಾಗೇ ಓಡಿದವು. ಪುಟ್ಟಿ ಬರಿದಾಯಿತು. ಟಿವಿ ಆರಿತು.

"ಇನ್ನೊಂಚೂರು ಐತೆ, ಹಾಕ್ರಿ" ಎಂದೆ.

"ಕುರಿ ವಾಸ್ನೆ ಹೊಡಿತಿ, ಎದ್ದೋಗೇ. ಇನ್ ಮ್ಯಾಲೆ ಈ ಕಡೆ ಬರಬ್ಯಾಡ" ಎಂದ ಆತ. ಉಳಿದ ಮಕ್ಕಳೆಲ್ಲ ನಕ್ಕರು. ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ.

ಅದೇ ವಾರ ಆತ ನಮ್ಮ ಮನೆಗೆ ಬಂದು, ಮಂದೆಯನ್ನು ತನ್ನ ಹೊಲದಲ್ಲಿ ತರುಬಬೇಕೆಂದು ಅಪ್ಪನಿಗೆ ಹೇಳಿ ಹೋದ. ಬಿತ್ತನೆಗೆ ಮುಂಚೆ ಕುರಿಗಳನ್ನು ಹೊಲದಲ್ಲಿ ಮಲಗಿಸಿದರೆ ಹಿಕ್ಕೆ, ಗಂಜಲ ಎಲ್ಲ ಅಲ್ಲೇ ಬಿದ್ದು ನೆಲಕ್ಕೆ ಒಳ್ಳೆ ಗೊಬ್ಬರ. ಕುರಿ ಗೊಬ್ಬರ ಬೇಕು, ಕುರಿ ವಾಸನೆ ಬೇಡ. ನನ್ನ ಹೊಟ್ಟೆ ಉರಿದುಹೋಯಿತು.

ತರುಬುವ ದಿನ ಸಂಜೆ ಅಪ್ಪ ಮಂದೆಯ ಸುತ್ತ ಕಟ್ಟುವ ಬಲೆ, ಗೂಟ ತರಲು ಮನೆಗೆ ಹೋಗಿದ್ದ. ಮಂದೆ ಹೊಡೆದುಕೊಂಡು ಬರುವ ಕೆಲಸ ನನ್ನದು. ನಮ್ಮ ಮಂದೆಯ ಮುಂದೆ ಒಂದು ಹೋತ ನಡೆಯುತ್ತಿತ್ತು. ಅದು ಹೋದಲ್ಲಿಗೆ ಕುರಿಗಳು ಕಣ್ಣುಮುಚ್ಚಿ ಹೋಗುತ್ತವೆ. ಮಡಿಲ ತುಂಬ ಜಾಲಿಕಾಯಿ ತುಂಬಿಕೊಂಡು ಹೋತಕ್ಕೆ ಒಂದೊಂದೇ ತೋರಿಸುತ್ತಾ, ಯಜಮಾನನ ಬದು ದಾಟಿ ಪಕ್ಕದ ಹೊಲಕ್ಕೆ ನಡೆದೆ. ಅದು ಆತನ ಮನೆಯಲ್ಲೇ ಕೂಲಿ ಮಾಡುತ್ತಿದ್ದ ಒಬ್ಬಂಟಿ ಅಜ್ಜಿಯ ತುಂಡು ಹೊಲ.

ಅಪ್ಪ ಬರುವಷ್ಟರಲ್ಲಿ ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು. "ಏನಿದು? ಯಜಮಾನ್ರ ಹೊಲ ಆ ಕಡೆ ಐತೆ" ಎಂದು ಕೋಲು ಎತ್ತಿದ. ನನ್ನ ಕಾಲೂ ನಡುಗಿದವು. ಆಡುಮರಿ ನೆನಪಾಯಿತು. ಜಾಗ ಬಿಡಲಿಲ್ಲ.

"ಅವ್ರಿಗೆ ನಮ್ ಕುರಿ ವಾಸ್ನೆ ಆಗಲ್ಲಂತೆ ಅಪ್ಪ. ಅದಕ್ಕೇ ನನ್ನ ಎಬ್ಬಿಸಿ ಕಳಿಸಿದ್ರು."

ಅಪ್ಪ ಕೋಲು ಕೆಳಗಿಳಿಸಿದ. ಆಮೇಲೆ ಅಲ್ಲೇ ಗೂಟ ಹೊಡೆದು ಬಲೆ ಕಟ್ಟಿದ. ಬೆಳಿಗ್ಗೆ ಯಜಮಾನ ಕೂಗಾಡುತ್ತಾ ಬಂದಾಗ, "ವಾಸ್ನೆ ಬರ್ತೈತೆ ಯಜಮಾನ್ರೇ, ನಿಮ್ ಹೊಲಕ್ಯಾಕೆ" ಎಂದಷ್ಟೇ ಹೇಳಿದ. ಬಿದ್ದ ಹಿಕ್ಕೆಯನ್ನು ಆತ ಬಾಚಿಕೊಂಡು ಹೋಗುವಂತಿರಲಿಲ್ಲ.

ಆ ಮಳೆಗಾಲ ಅಜ್ಜಿಯ ಶೇಂಗಾ ಕಪ್ಪುಹಸಿರಾಗಿ ಬದುವಿನವರೆಗೂ ಬಂದು ನಿಂತಿತ್ತು, ಆಚೆ ಆತನದು ಹಳದಿ. ಹಿರಿಯೂರಿನ ಬಸ್ಸಲ್ಲಿ ಕೂತವರಿಗೂ ಕಾಣುತ್ತಿತ್ತು. ಪ್ರತಿ ಭಾನುವಾರ, ಕಾರ್ಟೂನಿನ ಹೊತ್ತಿಗೆ, ನಾನು ಆ ಬದುವಿನ ಮೇಲೆ ಕೂತು ನೋಡುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು.

ಮೊನ್ನೆ ಮೊಮ್ಮಗಳ ಮೊಬೈಲಿನಲ್ಲಿ ಅದೇ ಕಾರ್ಟೂನು ಸಿಕ್ಕಿತು. ಕೊನೆಯವರೆಗೂ ನೋಡಿದೆ. ತೋಳ ಕೆಸರಿನಲ್ಲಿ ಹೂತುಹೋಗುತ್ತದೆ. ಆ ಮರಿಯೇ ಅದನ್ನು ಮೇಲಕ್ಕೆಳೆದು, ಜೊತೆಯಲ್ಲೇ ನೀರು ಕುಡಿಯುತ್ತದೆ.

"ಕ್ಷಮಿಸೋಕೂ ಧೈರ್ಯ ಬೇಕಂತೆ ಅಜ್ಜಿ" ಎಂದಳು ಮೊಮ್ಮಗಳು.

ಇರಬಹುದು. ಆ ಪಾಠ ಬರುವ ಮೊದಲೇ ಟಿವಿ ಆರಿಸಿದ್ದು ಆತನೇ.