ಕರಡಿಗೆ ಕಳಚಿದ ಪ್ರಸಂಗ

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಯಾವ ವಸ್ತುವೂ ಸುಮ್ಮನೆ ವಸ್ತುವಾಗಿರುವಂತಿಲ್ಲ. ಹೊಸ ಕಾರಿನ ಚಕ್ರದಡಿ ಅಪ್ಪಚ್ಚಿಯಾಗುವ ನಿಂಬೆಹಣ್ಣು ಅಹಂಕಾರವಂತೆ, ರಂಗೋಲಿಯ ಚುಕ್ಕಿ ಬ್ರಹ್ಮಾಂಡದ ಬಿಂದುವಂತೆ. ಈ ಅರ್ಥವಿತರಣೆ ಭಾನುವಾರ ಬೆಳಿಗ್ಗೆ, ಜುಂಬಾ ತರಗತಿಯ ಬೆವರು ಆರುವ ಮುನ್ನವೇ, ಕ್ಲಬ್‌ಹೌಸಿನ ಪರದೆಯ ಮೇಲೆ ಚಿತ್ರಸಮೇತ ನಡೆಯುತ್ತದೆ. ಪ್ರೌಢಶಾಲೆಯಲ್ಲಿ ಸಂಸ್ಕೃತ ಓದಿದ್ದೆನೆಂಬ ಏಕೈಕ ಅರ್ಹತೆಯ ಮೇಲೆ ಅಲ್ಲಿನ ಆಸ್ಥಾನವಿದ್ವಾಂಸ ನಾನೇ. ಶ್ರೀಚಕ್ರದ ತ್ರಿಕೋನಗಳನ್ನು ನಾನು ಬಿಡಿಸಿಟ್ಟಾಗ ಸಾಫ್ಟ್‌ವೇರ್ ಮಂದಿ ತಲೆದೂಗಿದ್ದನ್ನು ನೀವು ನೋಡಬೇಕಿತ್ತು. ಅವರು ಆಫೀಸಿನ ಮೀಟಿಂಗುಗಳಲ್ಲೂ ಹೀಗೆಯೇ ತಲೆದೂಗುತ್ತಾರೆಂದು ನನ್ನ ಹೆಂಡತಿ ಹೇಳಿದ್ದು ಶುದ್ಧ ಅಸೂಯೆ.

ಇಂಥ ಜ್ಞಾನನಿಧಿಯನ್ನು ಹೆತ್ತ, ರಾಣೆಬೆನ್ನೂರಿನಿಂದ ಬಂದು ನಮ್ಮೊಡನಿರುವ ಅವ್ವ ಮೊನ್ನೆ ತಲೆಸುತ್ತಿ ಬಿದ್ದಳು. ಮಾತು ತುಸು ತೊದಲುತ್ತಿತ್ತು. ಮಿದುಳಿನ ಎಂಆರ್‌ಐ ಆಗಲೇಬೇಕು, ತಡಮಾಡಬೇಡಿ ಎಂದರು ಆಸ್ಪತ್ರೆಯ ಡಾಕ್ಟರು. ಬಳೆ, ಓಲೆಗಳನ್ನು ಸಲೀಸಾಗಿ ಬಿಚ್ಚಿಕೊಟ್ಟ ಅವ್ವ, ಕೊರಳಿನ ಬೆಳ್ಳಿ ಕರಡಿಗೆಯ ಸರದಿ ಬಂದಾಗ ಸೆರಗು ಬಿಗಿಹಿಡಿದಳು. ಅದರೊಳಗೆ ಅವಳ ಇಷ್ಟಲಿಂಗವಿತ್ತು. ದೀಕ್ಷೆಯಾದಂದಿನಿಂದ ಅದು ಅವಳ ಮೈಯನ್ನು ಅಗಲಿದ್ದಿಲ್ಲ. ನನ್ನದು ದೇವರಕೋಣೆಯ ಗೂಡಿನಲ್ಲಿ ಭದ್ರವಾಗಿದೆ. ಅದರ ಅರ್ಥವನ್ನು ಮಾತ್ರ ನಾನು ಸದಾ ಧರಿಸಿರುತ್ತೇನೆ.

“ಅಜ್ಜಿ, ಮೈಮೇಲೆ ಏನೂ ಇರ್ಬಾರ್ದು. ಅದ್ನೂ ತೆಗೀರಿ,” ಎಂದ ಯಂತ್ರದ ಹುಡುಗ.

“ಸತ್ತ ಮ್ಯಾಲೂ ಇದು ನನ್ನ ಜೊತಿನ ಮಣ್ಣಿಗೆ ಬರೂದು. ಈಗ ಬಿಚ್ಚಂತಿಯೇನು? ನನಗ ಈ ಪರೀಕ್ಷಾನ ಬ್ಯಾಡ, ಮನಿಗೆ ನಡೀರಿ.”

ನಾನು ನನ್ನ ಭಾನುವಾರದ ದನಿ ತೆಗೆದೆ. ಲಿಂಗವೆಂಬುದು ನಿರಾಕಾರದ ಕುರುಹು ಮಾತ್ರ, ನಿಜವಾದದ್ದು ಅಂತರಂಗದಲ್ಲಿದೆ, ಹೊರಗಿನದನ್ನು ತೆಗೆದರೆ ಒಳಗಿನದು ಎಲ್ಲಿಗೂ ಹೋಗದು ಎಂದು ಸಾಂಗವಾಗಿ ನಿರೂಪಿಸಿದೆ. ಅವ್ವ ಪೂರ್ತಿ ಕೇಳಿದಳು.

“ಅರ್ಥ ನಿನ್ನ ಹತ್ರ ಇರ್ಲಿ ಬಿಡಪಾ. ಲಿಂಗ ನನ್ನ ಹತ್ರ ಇರ್ಲಿ.”

ನನಗೆ ಹೆದರಿಕೆಯಾಯಿತು. ಅವಳ ತುಟಿಯ ಒಂದು ಬದಿ ಜೋತಂತೆ ಕಾಣುತ್ತಿತ್ತು. ವ್ಯಾಖ್ಯಾನದ ಸರಕೆಲ್ಲ ಖರ್ಚಾಗಿ, ಬೇರೇನೂ ತೋಚದೆ, ದಿನವೂ ಪೂಜೆಯಲ್ಲಿ ಲಿಂಗವನ್ನಿಟ್ಟುಕೊಳ್ಳಲು ಅವಳು ಅಂಗೈ ಚಾಚುವ ಹಾಗೆಯೇ ನನ್ನ ಎಡಗೈಯನ್ನು ಚಾಚಿ ನಿಂತೆ.

“ನೀ ಹೊರಗ ಬರೂತನಕ ಕೆಳಗ ಇಡಂಗಿಲ್ಲವ್ವಾ.”

ಅವ್ವ ಆ ಕೈಯನ್ನು ಬಹಳ ಹೊತ್ತು ನೋಡಿದಳು. “ತೊಳಕೊಂಡು ಬಾ,” ಎಂದಳು.

ತೊಳೆದು ಬಂದ ಅಂಗೈಗೆ, ಕರಡಿಗೆ ಕಳಚಿ, ಒಳಗಿನ ಲಿಂಗವನ್ನಿಟ್ಟು ಅವಳು ಒಳಗೆ ಹೋದಳು. ಬಾಗಿಲಾಚೆ ಯಂತ್ರ ದಡಬಡ ಬಡಿಯತೊಡಗಿತು. ಅಂಗೈಯ ಮೇಲಿನ ಕಪ್ಪು ಲಿಂಗದಲ್ಲಿ ಅವಳ ಮೈಯ ಬಿಸಿ ಇನ್ನೂ ಇತ್ತು. ಮೂಗು ತುರಿಸಿತು, ಜೇಬಿನಲ್ಲಿ ಫೋನು ಬಡಿದುಕೊಂಡಿತು, ನಾನು ಅಲುಗಲಿಲ್ಲ. ಏನಿದರ ಅರ್ಥ ಎಂದು ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಹೊಡೆದೇಬಿಡುತ್ತಿದ್ದೆನೇನೋ. ಅವ್ವ ಬರಲಿ, ಅಷ್ಟೇ.

ಮಿದುಳಿನಲ್ಲಿ ರಕ್ತದ ಸಣ್ಣ ಹೆಪ್ಪಿದೆ, ಮಾತ್ರೆಯಲ್ಲಿ ಸರಿಹೋಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅದಕ್ಕೂ ಮೊದಲು ಗಾಲಿಕುರ್ಚಿಯಲ್ಲಿ ಹೊರಬಂದ ಅವ್ವ ನನ್ನ ಮುಖವನ್ನೂ ನೋಡದೆ ಅಂಗೈಯನ್ನು ನೋಡಿ, ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡಳು.

“ಎಷ್ಟು ಬೆವತೀಯೋ! ಲಿಂಗಕ್ಕ ಮಜ್ಜನಾನ ಆಗೇತಿ.”